ಹಳೆಯ ವ್ಯಾನುಗಳ ತುಕ್ಕು ಹಿಡಿದ ಚಾಸಿಯೂ ಯಜಮಾನರ ಹೊಣೆಯೂ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಬೇಸಾಯವು ಈಗ ಎತ್ತಿನ ಗಾಡಿಯನ್ನು ನಂಬಿ ನಡೆಯುವುದಿಲ್ಲವೆಂಬುದು ಸರ್ವರಿಗೂ ವಿದಿತವಾದ ವಿಷಯವು. ಗುಂಡ್ಲುಪೇಟೆ, ತೆರಕಣಾಂಬಿ ಕಡೆಯ ಟೊಮೆಟೊ, ಬೀಟ್‌ರೂಟ್, ಕೋಸು, ಸಣ್ಣ ಈರುಳ್ಳಿ ಮೊದಲಾದುವು ಬಂಡೀಪುರದ ಕಾಡನ್ನು ದಾಟಿ ೭೬೬ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಲ್ತಾನ್ ಬತ್ತೇರಿಗೂ ಅಲ್ಲಿಂದ ಕಲ್ಲಿಕೋಟೆಗೂ ಹೋಗುತ್ತವೆ. ಚಾಮರಾಜನಗರದ ಸುತ್ತಿನ ಅರಿಸಿನವು ದಿಂಬಂ ಘಾಟಿಯ ೨೭ ತಿರುವುಗಳನ್ನು ಇಳಿದು ಸತ್ಯಮಂಗಲದ ಮಾರ್ಗವಾಗಿ ಈರೋಡಿನ ಮಾರುಕಟ್ಟೆಯನ್ನು ಸೇರುತ್ತದೆ. ದೂರದ ಹಾದಿಗೆ ದೊಡ್ಡ ಲಾರಿಗಳುಂಟು. ಆದರೆ ಹೊಲದ ಬದುವಿನಿಂದ ಮಂಡಿಯವರೆಗೂ, ಎಷ್ಟೋ ಸಲ ಘಾಟಿಯ ಆಚೆಗೂ, ಮಾಲನ್ನು ಹೊರುವುದು ಜನರು ಟೆಂಪೋ ಎಂದು ಕರೆಯುವ ಗೂಡ್ಸ್ ವ್ಯಾನುಗಳೇ. ಇವುಗಳಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದು ಎರಡು ಮೂರು ಕೈ ಬದಲಾಯಿಸಿದವು ಅಪರೂಪವಲ್ಲ.

ಇಂತಹ ವ್ಯಾನಿನ ಇಂಜಿನ್ನಿಗೆ ಕಾಲಕಾಲಕ್ಕೆ ಎಣ್ಣೆ ಬೀಳುತ್ತದೆ. ಟೈರು ಸವೆದರೆ ಬದಲಾಗುತ್ತದೆ. ಆಯುಧಪೂಜೆಯಂದು ಕುಂಬಳಕಾಯಿಯೂ ಒಡೆಯಲ್ಪಡುತ್ತದೆ. ಇವೆಲ್ಲವನ್ನೂ ಹೊತ್ತು ನಿಂತಿರುವ ಚಾಸಿಯನ್ನು ಮಾತ್ರ ಬಗ್ಗಿ ನೋಡುವವರು ವಿರಳ. ವ್ಯಾನಿನ ತಳದಲ್ಲಿ ಉದ್ದಕ್ಕೂ ಚಾಚಿರುವ ಎರಡು ಉಕ್ಕಿನ ತೊಲೆಗಳೂ ಅವುಗಳನ್ನು ಕೂಡಿಸುವ ಅಡ್ಡಪಟ್ಟಿಗಳೂ ಸೇರಿ ಚಾಸಿಯಾಗುತ್ತದೆ. ತೆರಕಣಾಂಬಿಯ ಸಂತೆಯಲ್ಲಿ ಎತ್ತನ್ನು ಕೊಳ್ಳುವ ರೈತನು ಬಾಯಿ ತೆರೆಯಿಸಿ ಹಲ್ಲು ಎಣಿಸದೆ, ಗೊರಸು ಎತ್ತಿ ನೋಡದೆ ಹಣ ಬಿಚ್ಚುವುದಿಲ್ಲ. ಅದೇ ರೈತನು ಲಕ್ಷಗಟ್ಟಲೆ ಬೆಲೆಯ ಹಳೆಯ ವ್ಯಾನನ್ನು ಹೊಸ ಬಣ್ಣಕ್ಕೆ ಮರುಳಾಗಿ ಕೊಳ್ಳುತ್ತಾನೆ!

ನಮ್ಮದು ಮಳೆಯ ನೆರಳಿನ ನಾಡು, ಒಣಹವೆಯ ಸೀಮೆ, ಇಲ್ಲಿ ತುಕ್ಕಿನ ಭಯವೇಕೆ ಎಂದು ಕೆಲವರು ಕೇಳುವುದುಂಟು. ದೆಹಲಿಯ ಕಬ್ಬಿಣದ ಕಂಬವು ಸುಮಾರು ೧೬೦೦ ವರ್ಷಗಳಿಂದ ಬಯಲಲ್ಲಿ ನಿಂತಿರುವುದನ್ನು ಉದಾಹರಿಸುವವರೂ ಇದ್ದಾರೆ. ಆ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ಮೈಮೇಲೆ ಕಾಯುವ ಪೊರೆಯೊಂದು ಕಟ್ಟಿಕೊಂಡಿರುತ್ತದೆ. ನಮ್ಮ ವ್ಯಾನಿನ ಉಕ್ಕಿಗೆ ಅಂತಹ ಗುಣವಿಲ್ಲ. ಅದಕ್ಕೂ ಮಿಗಿಲಾಗಿ, ಆ ಕಂಬದ ಮೇಲೆ ಯಾರೂ ಪೊಟ್ಯಾಷ್ ಮೂಟೆಯನ್ನು ಹೇರಿದವರಿಲ್ಲ. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡೇ ಆಗಿರುತ್ತದೆ. ಕಬ್ಬಿಣವನ್ನು ತಿನ್ನುವುದರಲ್ಲಿ ಅದು ಅಡಿಗೆಯ ಉಪ್ಪಿಗೆ ಸೋದರನೆಂದೇ ತಿಳಿಯತಕ್ಕದ್ದು. ಹರಿದ ಮೂಟೆಯಿಂದ ಉದುರಿದ ರಸಗೊಬ್ಬರವು ಗಾಳಿಯಲ್ಲಿನ ತೇವವನ್ನು ತಾನೇ ಹೀರಿಕೊಂಡು ತೊಲೆಯ ಸಂದುಗಳಲ್ಲಿ ಒದ್ದೆಯಾಗಿಯೇ ಉಳಿಯುತ್ತದೆ. ಕೊಟ್ಟಿಗೆ ಗೊಬ್ಬರದ ಗಂಜಳ, ತೊಳೆದ ತರಕಾರಿಯಿಂದ ಸೋರುವ ನೀರು, ವಯನಾಡಿನ ಮಳೆಯಲ್ಲಿ ಮೆತ್ತಿದ ಕೆಸರು ಇವೂ ಅದರೊಡನೆ ಸೇರುತ್ತವೆ. ಇನ್ನು ಕಡಲ ಕರೆಯಲ್ಲಿ ಮೀನು ಹೊತ್ತ ವ್ಯಾನನ್ನು ಅಗ್ಗವೆಂದು ಕೊಂಡವನು ಉಪ್ಪುನೀರಿನ ರೋಗವನ್ನೂ ಕೂಡಿಯೇ ಕೊಂಡಂತಾಯಿತು. ಹೀಗೆ ನಮ್ಮ ಸೀಮೆಯ ತುಕ್ಕು ಆಕಾಶದಿಂದ ಬಂದುದಕ್ಕಿಂತ ನಾವೇ ಹೇರಿಕೊಂಡುದು ಹೆಚ್ಚು.

ತುಕ್ಕು ಹಿಡಿಯುವ ಸ್ಥಳಗಳು ಬಹುಮಟ್ಟಿಗೆ ಗೊತ್ತಾದುವೇ. ಹಿಂದಿನ ಕಮಾನುಗಳನ್ನು ಹಿಡಿದಿರುವ ಬ್ರಾಕೆಟ್ಟುಗಳ ಸುತ್ತು, ಅಡ್ಡಪಟ್ಟಿ ತೊಲೆಗೆ ಕೂಡುವ ಮೂಲೆ, ಎರಡು ತಗಡುಗಳು ಒಂದರ ಮೇಲೊಂದು ಕುಳಿತ ಕಡೆ, ಪೆಟ್ಟಿಗೆಯಾಕಾರದ ತೊಲೆಯ ಒಳಮೈ. ನೀರು ಹರಿದುಹೋಗಲೆಂದು ತಯಾರಕರು ಇಟ್ಟಿರುವ ಸಣ್ಣ ತೂತುಗಳು ಕೆಸರಿನಿಂದ ಮುಚ್ಚಿಹೋದರೆ ಒಳಗೆ ನೀರು ನಿಂತು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ಉಕ್ಕು ಕರಗುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ, ಜೋಡಿಸಿದ ತಗಡುಗಳ ನಡುವೆ ಬೆಣೆಯಂತೆ ಬೆಳೆದು ರಿವಿಟ್ಟುಗಳನ್ನೇ ಕೀಳುವುದುಂಟು.

ಮೇಲೆ ಕೆಂಪಾಗಿ ಕಂಡಮಾತ್ರಕ್ಕೆ ಚಾಸಿ ಕೆಟ್ಟಿತೆಂದು ಹೆದರಬೇಕಾದುದಿಲ್ಲ. ವ್ಯಾನನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ (ಬರಿಯ ಜಾಕಿಯನ್ನು ನಂಬಿ ಯಾರೂ ಕೆಳಗೆ ನುಗ್ಗಕೂಡದು) ಸಣ್ಣ ಸುತ್ತಿಗೆಯಿಂದ ತೊಲೆಯನ್ನು ಉದ್ದಕ್ಕೂ ತಟ್ಟುತ್ತ ಹೋದರೆ, ಗಟ್ಟಿ ಉಕ್ಕು ಗಂಟೆಯಂತೆ ಸ್ವರ ಕೊಡುತ್ತದೆ. ತಿಂದುಹೋದ ಕಡೆ ಒಡಕು ಮಡಕೆಯ ಸದ್ದು ಬರುತ್ತದೆ. ಅಂತಹ ಸ್ಥಳವನ್ನು ತಂತಿ ಬ್ರಷ್ಷಿನಿಂದ ತಿಕ್ಕಿ, ಚೂಪಾದ ಉಳಿಯಿಂದ ಚುಚ್ಚಿ ನೋಡತಕ್ಕದ್ದು. ಪದರಗಳು ಎದ್ದುಬಂದು ಉಳಿ ಒಳಗೆ ಇಳಿದರೆ ಸಂಶಯಕ್ಕೆ ಆಸ್ಪದವಿಲ್ಲ. ಉಳಿದ ಉಕ್ಕಿನ ದಪ್ಪವನ್ನು ಅದೇ ತೊಲೆಯ ಕೆಡದ ಭಾಗದ ದಪ್ಪದೊಡನೆ ಅಳೆದು ಹೋಲಿಸಿದರೆ ಮೇಸ್ತ್ರಿಯ ಮಾತನ್ನೇ ನಂಬಿಕೊಂಡಿರಬೇಕಾದ ಅಗತ್ಯವೂ ಇರುವುದಿಲ್ಲ.

ಇಲ್ಲಿಂದ ಮುಂದೆ ನಾವು ಮುಖ್ಯವಾಗಿ ಹೇಳತಕ್ಕ ಸಂಗತಿಗೆ ಬರುತ್ತೇವೆ. ಚಾಸಿಯಲ್ಲಿ ತೂತು ಕಂಡೊಡನೆ ನಮ್ಮ ಕಡೆ ಮಾಡುವ ಚಿಕಿತ್ಸೆಯು ಸಾಮಾನ್ಯವಾಗಿ ಹೀಗಿರುತ್ತದೆ: ತುಕ್ಕಿನ ಮೇಲೆಯೇ ಒಂದು ತಗಡನ್ನಿಟ್ಟು ನಾಲ್ಕು ಕಡೆ ಚುಕ್ಕೆ ಚುಕ್ಕೆಯಾಗಿ ವೆಲ್ಡಿಂಗ್ ಮಾಡಿ, ಮೇಲೆ ಟಾರು ಬಳಿದು, ಎಫ್.ಸಿ.ಗೆ ಕಳುಹಿಸುವುದು. ಇದು ರಿಪೇರಿಯಲ್ಲ, ಮರೆಮಾಚುವಿಕೆ. ಕೊಳೆತ ಉಕ್ಕಿಗೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಬೆಸುಗೆಯ ಅಂಚಿನಲ್ಲಿಯೇ ಬಿರುಕು ಹುಟ್ಟುತ್ತದೆ. ಹಳೆಯ ತೊಲೆಗೂ ಹೊಸ ತಗಡಿಗೂ ನಡುವೆ ನೀರು ನಿಲ್ಲಲು ಒಂದು ಹೊಸ ಜೇಬು ಹೊಲಿದುಕೊಟ್ಟಂತೆಯೂ ಆಗುತ್ತದೆ. ತೂತು ಕಣ್ಣಿಗೆ ಕಾಣುತ್ತಿದ್ದಾಗ ಚಾಲಕನು ಕೊಂಚ ಎಚ್ಚರವಾದರೂ ಇರುತ್ತಿದ್ದನು. ಟಾರು ಬಳಿದ ಮೇಲೆ ಆ ಎಚ್ಚರವೂ ಹೋಗುತ್ತದೆ. ಆದುದರಿಂದ ಇಂತಹ ತೇಪೆಗಿಂತ ತೂತೇ ಮೇಲು ಎಂದು ಹೇಳಲು ನಾವು ಸಂಕೋಚಪಡುವುದಿಲ್ಲ.

ನಿಜವಾದ ರಿಪೇರಿಯು ಕತ್ತರಿಸುವುದರಿಂದ ಆರಂಭವಾಗುತ್ತದೆ. ತುಕ್ಕು ಮುಗಿದು ಬಿಳಿಯ ಉಕ್ಕು ಕಾಣುವವರೆಗೂ, ಎಷ್ಟೇ ದೂರ ಹೋದರೂ, ಕೆಟ್ಟ ಭಾಗವನ್ನು ತೆಗೆದುಹಾಕತಕ್ಕದ್ದು. ಅದಕ್ಕೆ ಮೊದಲು ಮೇಲಿನ ಪೆಟ್ಟಿಗೆಯ ಭಾರವನ್ನು ಇಳಿಸಿ ಚಾಸಿಯನ್ನು ಹಲವು ಕಡೆ ಸಮನಾಗಿ ಆನಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಬೆಸುಗೆಯ ಕಾವಿಗೆ ತೊಲೆ ಸೊಟ್ಟಗಾಗಿ, ವ್ಯಾನು ಏಡಿಯಂತೆ ಓರೆಯಾಗಿ ನಡೆಯುತ್ತದೆ. ಹೊಸ ಟೈರು ಕೆಲವೇ ತಿಂಗಳಲ್ಲಿ ಸವೆದ ಮೇಲೆ ಕಾರಣವನ್ನು ಹುಡುಕಬೇಕಾಗುತ್ತದೆ. ಬ್ಯಾಟರಿಯ ತಂತಿಯನ್ನು ಕಳಚುವುದು, ಡೀಸೆಲ್ ಟ್ಯಾಂಕು ಮತ್ತು ಬ್ರೇಕಿನ ಕೊಳವೆಗಳನ್ನು ಬಿಚ್ಚಿ ದೂರವಿಡುವುದು, ಇವು ಬೇಸರದ ಕೆಲಸಗಳಾದರೂ ಬಿಡತಕ್ಕವಲ್ಲ. ಹೊಸದಾಗಿ ಕೂಡಿಸುವ ತುಂಡು ಮೂಲ ಉಕ್ಕಿನಷ್ಟೇ ದಪ್ಪವೂ ಅದೇ ಆಕಾರವೂ ಉಳ್ಳದ್ದಾಗಿರಬೇಕು. ತೊಲೆಯಲ್ಲಿ ಭಾರವನ್ನು ಮುಖ್ಯವಾಗಿ ಹೊರುವುದು ಮೇಲಿನ ಮತ್ತು ಕೆಳಗಿನ ಅಂಚುಗಳು. ಆ ಅಂಚುಗಳಿಗೆ ತೂತು ಕೊರೆಯುವುದಾಗಲಿ, ಅಡ್ಡಲಾಗಿ ನೇರ ಗೆರೆಯಲ್ಲಿ ಬೆಸೆಯುವುದಾಗಲಿ ದೊಡ್ಡ ತಪ್ಪು. ಒಣಹುಲ್ಲಿನ ಕಡ್ಡಿ ಗೀರು ಬಿದ್ದಲ್ಲಿಯೇ ಮುರಿಯುವಂತೆ ಚಾಸಿಯೂ ಅಲ್ಲಿಯೇ ಮುರಿಯುತ್ತದೆ. ಬಲಪಡಿಸಲು ಹಾಕುವ ಪಟ್ಟಿಯ ತುದಿಗಳನ್ನು ಓರೆಯಾಗಿ ಕತ್ತರಿಸಿ ನಡುವಿನ ನೆಟ್ಟ ಭಾಗಕ್ಕೆ ಕೂಡಿಸುವುದು ಕ್ರಮ. ಬೆಸುಗೆಗೆ ೭೦೧೮ ಜಾತಿಯ ರಾಡನ್ನು, ತೇವ ತಗುಲದಂತೆ ಕಾಪಾಡಿದ್ದನ್ನು, ಉಪಯೋಗಿಸುವುದು ಒಳ್ಳೆಯದು. ಗೇಟು, ಕಿಟಕಿಯ ಗ್ರಿಲ್ಲು ಮಾಡುವ ಅಂಗಡಿಯವನು ತನ್ನ ಕೆಲಸದಲ್ಲಿ ನಿಪುಣನೇ ಸರಿ. ಗೇಟಿನ ಮೇಲೆ ಎರಡು ಟನ್ನು ಅರಿಸಿನ ಕುಳಿತು ದಿಂಬಂ ಘಾಟಿಯನ್ನು ಇಳಿಯುವುದಿಲ್ಲವೆಂಬುದನ್ನು ಮಾತ್ರ ಯಜಮಾನರು ನೆನಪಿಡಬೇಕು. ಕೆಲಸ ಮುಗಿದ ಮೇಲೆ ಸತುವು ಬೆರೆತ ಪ್ರೈಮರ್ ಬಳಿದು, ಪೆಟ್ಟಿಗೆ ತೊಲೆಯ ಒಳಕ್ಕೆ ಮೇಣದಂತಹ ದ್ರವವನ್ನು ಸಿಂಪಡಿಸಿ, ನೀರಿನ ತೂತುಗಳನ್ನು ತೆರೆದಿಡತಕ್ಕದ್ದು.

ಬ್ರಿಟನ್ನಿನಲ್ಲಿ ವಾಹನಗಳ ವಾರ್ಷಿಕ ಪರೀಕ್ಷೆ ಮಾಡುವವರು ಕಮಾನು, ಸ್ಟೀರಿಂಗು, ಬ್ರೇಕು ಮೊದಲಾದುವು ಕೂಡುವ ಸ್ಥಳದಿಂದ ೩೦ ಸೆಂಟಿಮೀಟರಿನೊಳಗೆ ಉಕ್ಕು ತುಕ್ಕಿನಿಂದ ಬಹಳವಾಗಿ ಬಲಗುಂದಿದ್ದರೆ ವಾಹನವನ್ನು ತಿರಸ್ಕರಿಸುತ್ತಾರೆ. ಅಲ್ಲಿ ಚುಕ್ಕೆ ಬೆಸುಗೆಯ ತೇಪೆಯನ್ನು ಒಪ್ಪುವುದಿಲ್ಲ. ನಮ್ಮ ರೈತರೂ ಈ ಅಳತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಪಯೋಗವುಂಟು. ಆ ಮೇರೆಯಿಂದ ಆಚೆಗೆ ಅಂಗೈಯಗಲ ಕೆಟ್ಟಿದ್ದರೆ ರಿಪೇರಿ ಯೋಗ್ಯ. ಕಮಾನಿನ ಬ್ರಾಕೆಟ್ಟುಗಳ ಬಳಿ ಎರಡೂ ತೊಲೆಗಳು ತಿಂದುಹೋಗಿದ್ದರೆ, ಅಥವಾ ಒಂದೇ ತೊಲೆಯಲ್ಲಿ ಮೂರು ನಾಲ್ಕು ಕಡೆ ಕತ್ತರಿಸಬೇಕಾಗಿ ಬಂದರೆ, ಆ ಚಾಸಿಗೆ ಹಣ ಹಾಕುವುದು ಹೊಳೆಗೆ ಸುರಿದಂತೆ. ೨೦೧೬ರಲ್ಲಿ ಅಮೆರಿಕದಲ್ಲಿ ಟೊಯೋಟಾ ಕಂಪನಿಯು ಚಾಸಿಯ ತುಕ್ಕಿನ ವ್ಯಾಜ್ಯವೊಂದರಲ್ಲಿ ರಾಜಿಗೆ ಬಂದು, ಸುಮಾರು ೧೫ ಲಕ್ಷ ವಾಹನಗಳನ್ನು ಪರೀಕ್ಷಿಸಿ, ಬಹಳ ಕೆಟ್ಟ ಕಡೆ ಚಾಸಿಯನ್ನೇ ಬದಲಿಸಿಕೊಡಲು ಒಪ್ಪಬೇಕಾಯಿತು. ತಯಾರಕರಿಗೇ ತೇಪೆಯಲ್ಲಿ ವಿಶ್ವಾಸವಿಲ್ಲದಿರುವಾಗ ನಮಗೇಕಿರಬೇಕು? ೧೯೮೪ರಲ್ಲಿ ಬಂದು ೨೦೧೯ರಲ್ಲಿ ತಯಾರಿಕೆ ನಿಂತ ಮಾರುತಿ ವ್ಯಾನಿಗಾದರೋ ಪ್ರತ್ಯೇಕ ಚಾಸಿಯೇ ಇಲ್ಲ. ಅದರ ನೆಲದ ತಗಡೂ ಬಾಗಿಲಿನ ಕೆಳಗಿನ ಪೆಟ್ಟಿಗೆಪಟ್ಟಿಗಳೂ ಕೂಡಿಯೇ ಭಾರ ಹೊರುತ್ತವೆ. ಕಾಲಡಿಯ ತಗಡು ಹೋಯಿತೆಂದರೆ ಬೆನ್ನೆಲುಬೇ ಹೋಯಿತೆಂದು ಅರ್ಥ.

ಯಜಮಾನರ ಹೊಣೆಯೆಂದು ಮೇಲೆ ಬರೆದಿರುವುದಕ್ಕೆ ಕಾರಣವುಂಟು. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ಪ್ರತಿ ವರ್ಷವೂ ಎಫ್.ಸಿ. ಆಗಲೇಬೇಕು. ಚಾಸಿ ಬಲಹೀನವೆಂದು ಗೊತ್ತಾದ ವ್ಯಾನನ್ನು ಹೆದ್ದಾರಿಗೆ ಕಳುಹಿಸಲು ಅಂಜಿ, ಎಫ್.ಸಿ. ಇಲ್ಲದೆಯೇ, ಊರೊಳಗಿನ ಕೆಲಸಕ್ಕಾಯಿತೆಂದು ಇಟ್ಟುಕೊಳ್ಳುವ ರೂಢಿಯು ಅಲ್ಲಲ್ಲಿ ಕಂಡುಬರುತ್ತದೆ. ಆ ಊರೊಳಗಿನ ಕೆಲಸವೆಂದರೇನು? ಅರಿಸಿನ ಕೀಳುವ ಕಾಲಕ್ಕೆ, ಈರುಳ್ಳಿಯ ಕಾಲಕ್ಕೆ, ಮೂವತ್ತು ನಲವತ್ತು ಕೂಲಿಯಾಳುಗಳನ್ನು, ಅವರಲ್ಲಿ ಹೆಂಗಸರೇ ಹೆಚ್ಚು, ಹಿಂದೆ ನಿಲ್ಲಿಸಿಕೊಂಡು ಗುಂಡಿಬಿದ್ದ ದಾರಿಯಲ್ಲಿ ಹೊಲಕ್ಕೆ ಒಯ್ಯುವುದು. ತರಕಾರಿ ಹೊರಲು ಯೋಗ್ಯವಲ್ಲವೆಂದು ಬಿಟ್ಟ ವ್ಯಾನು ಮನುಷ್ಯರನ್ನು ಹೊರಲು ಯೋಗ್ಯವಾಯಿತೇ? ಗೂಡ್ಸ್ ವಾಹನದಲ್ಲಿ ಜನರನ್ನು ಸಾಗಿಸುವುದೇ ಕಾನೂನಿಗೆ ವಿರುದ್ಧ. ಅಂತಹ ವಾಹನದಲ್ಲಿ ಸುಮ್ಮನೆ ಹತ್ತಿಕೊಂಡ ಪ್ರಯಾಣಿಕರಿಗೆ ವಿಮಾ ಕಂಪನಿಯು ಜವಾಬ್ದಾರಿಯಲ್ಲವೆಂದು ಸುಪ್ರೀಂ ಕೋರ್ಟು ೨೦೦೨ರಲ್ಲಿಯೇ ತೀರ್ಮಾನಿಸಿದೆ. ಕಮಾನಿನ ಬ್ರಾಕೆಟ್ಟು ಕಿತ್ತು ವ್ಯಾನು ಮಗುಚಿದರೆ ಪರಿಹಾರದ ಹಣ ಮಾಲೀಕನ ಜಮೀನಿನಿಂದಲೇ ಹೊರಡಬೇಕಾಗಬಹುದು. ಹೋದ ಜೀವಕ್ಕೆ ಆ ಹಣವೂ ಸಮನಲ್ಲ. ಈ ವಿಷಯದಲ್ಲಿ ಇಲಾಖೆಗಳ ತನಿಖೆಗಿಂತ ಗ್ರಾಮದ ಯಜಮಾನರ ಒಂದು ಮಾತಿಗೆ ಬೆಲೆ ಹೆಚ್ಚೆಂದು ನಮ್ಮ ಅಭಿಪ್ರಾಯ. ಇಂತಹವರ ವ್ಯಾನಿಗೆ ಆಳುಗಳು ಹತ್ತಕೂಡದೆಂದು ಊರ ಮುಂದೆ ಅವರು ಹೇಳಿದರೆ ಅದು ನಡೆಯುತ್ತದೆ.

ಬಂಡೀಪುರದ ದಾರಿಯು ೨೦೦೯ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುವುದರಿಂದ, ಗೇಟು ಮುಚ್ಚುವುದರೊಳಗೆ ದಾಟಬೇಕೆಂಬ ಆತುರದಲ್ಲಿ ಎರಡು ಸಲದ ಮಾಲನ್ನು ಒಂದೇ ಸಲಕ್ಕೆ ಹೇರುವುದೂ ಉಂಟು. ಹೊಸ ಚಾಸಿ ಅದನ್ನು ಸಹಿಸಬಹುದು, ಮುದಿ ಚಾಸಿಯು ಸಹಿಸಲಾರದು.

ಪರೀಕ್ಷೆಗೆ ಬೇಸಿಗೆಯೇ ತಕ್ಕ ಕಾಲ. ಅರಿಸಿನದ ಸಾಗಣೆ ಮುಗಿದು ಮುಂಗಾರಿನ ಕೆಲಸ ಹತ್ತುವುದಕ್ಕೆ ಮೊದಲು, ನಾಲ್ಕಾರು ಮಾಲೀಕರು ಕೂಡಿ ಒಬ್ಬ ನುರಿತ ಚಾಸಿ ಮೇಸ್ತ್ರಿಯನ್ನು ಊರಿಗೇ ಕರೆಯಿಸಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬರ ವ್ಯಾನಿನ ಸ್ಥಿತಿಯನ್ನು ಇನ್ನೊಬ್ಬರು ಕಣ್ಣಾರೆ ಕಂಡಂತೆಯೂ ಆಗುತ್ತದೆ. ಚಾಸಿಯ ಸಂಖ್ಯೆಯನ್ನು ಒತ್ತಿರುವ ಭಾಗಕ್ಕೆ ಕತ್ತರಿ ಹಾಕಿಸಕೂಡದು. ಆ ಭಾಗವೇ ಕೆಟ್ಟಿದ್ದರೆ, ಅಥವಾ ಇಡೀ ಚಾಸಿಯನ್ನು ಬದಲಿಸಬೇಕಾದರೆ, ಮೊದಲು ಚಾಮರಾಜನಗರದ ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು ಅನುಮತಿ ಪಡೆದೇ ಮುಂದುವರಿಯತಕ್ಕದ್ದು. ಗುಜರಿಗೆ ಹಾಕಲು ನಿಶ್ಚಯಿಸಿದವರು ರಸ್ತೆಬದಿಯ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಮಾರಿ ಕೈತೊಳೆದುಕೊಳ್ಳಬಾರದು. ಆರ್.ಸಿ. ಪುಸ್ತಕವು ನಿಮ್ಮ ಹೆಸರಿನಲ್ಲಿಯೇ ಉಳಿದು, ನಿಮ್ಮ ಚಾಸಿಯ ಸಂಖ್ಯೆಯು ಬೇರೊಬ್ಬನ ವಾಹನಕ್ಕೆ ಏರಿದರೆ ಮುಂದಿನ ತೊಂದರೆಯು ನಿಮಗೇ ತಗುಲುತ್ತದೆ. ೨೦೨೧ರ ನಿಯಮಗಳಂತೆ ನೋಂದಾಯಿತವಾದ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಅವರು ಕೊಡುವ ಪ್ರಮಾಣಪತ್ರವನ್ನು ಪಡೆದು, ನೋಂದಣಿಯನ್ನು ರದ್ದುಪಡಿಸಿಕೊಂಡು, ಆ ಕಾಗದಗಳನ್ನು ಪಹಣಿ ಪತ್ರಗಳೊಡನೆ ಪೆಟ್ಟಿಗೆಯಲ್ಲಿ ಭದ್ರವಾಗಿಡತಕ್ಕದ್ದು.