ಬ್ಯಾಟರಿ ಬಂಡಿ: ಪೆಟ್ರೋಲ್ ಉಳಿಯಿತು, ರಿಪೇರಿ ಯಾರ ಪಾಲಿಗೆ?

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಐದು ನಿಮಿಷ ನಿಂತರೆ ಸಾಕು, ಹಸಿರು ನಂಬರ್ ಪ್ಲೇಟಿನ ಗಾಡಿಗಳು ಸದ್ದಿಲ್ಲದೆ ಪಕ್ಕದಲ್ಲಿ ಸರಿದು ಹೋಗೋದು ಕಾಣುತ್ತೆ. ಕಿರಾಣಿ ಅಂಗಡಿಯವರು, ಹಾಲು ಹಾಕುವವರು, ಮೇಷ್ಟ್ರು, ಬ್ಯಾಂಕಿನವರು, ಕಾಲೇಜು ಹುಡುಗಿಯರು, ಎಲ್ಲರೂ ಅದರ ಮೇಲೆ. ಲೂನಾಕ್ಕೆ ಹಿಂದೊಂದು ಮುಂದೊಂದು ಮೂಟೆ ಏರಿಸಿ ವ್ಯಾಪಾರ ಬೆಳೆಸಿದ ಊರು ಇದು. ಆ ಲೂನಾ ಕೂಡ 2024ರ ಫೆಬ್ರವರಿಯಲ್ಲಿ ಬ್ಯಾಟರಿ ಕಟ್ಟಿಕೊಂಡು ಮತ್ತೆ ಮಾರುಕಟ್ಟೆಗೆ ಇಳಿಯಿತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಹೇಳಲು ಜ್ಯೋತಿಷಿ ಬೇಕಾಗಿಲ್ಲ.

ಕೊಂಡವರಿಗೆ ಲಾಭವೋ ನಷ್ಟವೋ? ಶೋರೂಮಿನವರನ್ನು ಕೇಳಿದರೆ ಬರೀ ಲಾಭ. ಗಾಡಿ ಕೆಟ್ಟು ಹದಿನೈದು ದಿನ ನಿಂತವನನ್ನು ಕೇಳಿದರೆ ಕಂಪನಿಯ ವಂಶವನ್ನೇ ಜಾಲಾಡಿಸುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅನ್ನೋದೇ ಇಲ್ಲಿನ ತಮಾಷೆ. ಅದಕ್ಕೇ ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕೋದು ವಾಸಿ.

ಹರಿಹರದಿಂದ ದಿನಾ ದಾವಣಗೆರೆಗೆ ಬಂದು ಹೋಗುವ ಒಬ್ಬ ನೌಕರನನ್ನೇ ತೆಗೆದುಕೊಳ್ಳಿ. ಹೋಗಿ ಬರೋದು, ಊರೊಳಗಿನ ಓಡಾಟ ಸೇರಿ ದಿನಕ್ಕೆ 40 ಕಿ.ಮೀ. ತಿಂಗಳಿಗೆ ಇಪ್ಪತ್ತೈದು ದಿನ ಅಂದರೆ ಸಾವಿರ ಕಿ.ಮೀ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕೊಟ್ಟರೂ 22 ಲೀಟರ್ ಬೇಕು. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ತೆರಿಗೆ ಏರಿಸಿದ ಮೇಲೆ ಪೆಟ್ರೋಲ್ ನೂರಾ ಎರಡು ದಾಟಿತು. ಅಲ್ಲಿಗೆ ತಿಂಗಳಿಗೆ ಎರಡು ಸಾವಿರದ ಇನ್ನೂರು ಚಿಲ್ಲರೆ. ಅದೇ ಸಾವಿರ ಕಿ.ಮೀ.ಗೆ ಬ್ಯಾಟರಿ ಗಾಡಿ ಎಳೆಯೋದು ಸುಮಾರು 35 ಯೂನಿಟ್ ಕರೆಂಟು. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಹಿಡಿದರೆ ಇನ್ನೂರು ರೂಪಾಯಿ. ಉಳಿತಾಯ ಎರಡು ಸಾವಿರ. ಜೊತೆಗೆ ಎಂಜಿನ್ ಆಯಿಲ್ ಇಲ್ಲ, ಪ್ಲಗ್ ಇಲ್ಲ, ಕಾರ್ಬ್ಯುರೇಟರ್ ಇಲ್ಲ, ಬೆಳಿಗ್ಗೆ ಎದ್ದು ಕಿಕ್ಕರ್ ಹೊಡೆಯೋ ಕರ್ಮ ಇಲ್ಲ. ಇಷ್ಟನ್ನು ಯಾರೂ ಅಲ್ಲಗಳೆಯೋ ಹಾಗಿಲ್ಲ.

ಆದರೆ ಈ ಲೆಕ್ಕ ಪೆಟ್ರೋಲ್ ಗಾಡಿ ಓಡಿಸುತ್ತಿದ್ದವನದು. ಬಸ್ಸಿನವನ ಲೆಕ್ಕವೇ ಬೇರೆ. ಮನೆಯಾಕೆಗೆ 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ಪುಕ್ಕಟೆ. ಯಜಮಾನನ ಟಿಕೆಟ್ಟು ಮಾತ್ರ 2025ರ ಜನವರಿ 5ರಿಂದ ಶೇಕಡಾ 15 ಏರಿತು. ಆ ಸಿಟ್ಟಿಗೆ ಬಸ್ಸು ಬಿಟ್ಟು ಒಂದು ಲಕ್ಷ ಇಪ್ಪತ್ತು ಸಾವಿರದ ಗಾಡಿಗೆ ಸಾಲ ಮಾಡಿದರೆ, ಮೂರು ವರ್ಷದ ಕಂತು ತಿಂಗಳಿಗೆ ನಾಲ್ಕು ಸಾವಿರದ ಹತ್ತಿರ ಬರುತ್ತೆ. ಬಸ್ ಪಾಸಿನ ಮುಂದೆ ಇದು ಉಳಿತಾಯ ಅಲ್ಲವೇ ಅಲ್ಲ. ಉಳಿಯೋದು ಸಮಯ, ಮತ್ತೆ ಫುಟ್‌ಬೋರ್ಡಿನ ಮೇಲೆ ಜೋತಾಡೋ ಕಷ್ಟ. ಅದಕ್ಕೆ ಬೆಲೆ ಇಲ್ಲ ಅಂತಲ್ಲ. ಆದರೆ ಅದನ್ನು 'ದುಡ್ಡು ಉಳಿಯುತ್ತೆ ಸಾರ್' ಅಂತ ಮಾರುವವನ ಮಾತಿಗೆ ತಲೆ ಆಡಿಸಬಾರದು, ಅಷ್ಟೆ.

ಗೃಹಜ್ಯೋತಿಗೆ ಬೀಳುವ ಕತ್ತರಿ

ಇನ್ನು ಶೋರೂಮಿನಲ್ಲಿ ಯಾರೂ ಬಾಯಿ ಬಿಡದ ಒಂದು ಸಂಗತಿ ಇದೆ. ಮನೆಯ ಕರೆಂಟು ಹೇಗೂ ಪುಕ್ಕಟೆ, ಗಾಡಿಯೂ ಪುಕ್ಕಟೆ ಓಡುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಗೃಹಜ್ಯೋತಿ ಆ ಥರ ಇಲ್ಲ ಸ್ವಾಮಿ. 2022-23ರಲ್ಲಿ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಉರಿಸಿದ್ದರೋ ಅದರ ಮೇಲೆ ಶೇಕಡಾ ಹತ್ತು, ಅಷ್ಟೇ ಪುಕ್ಕಟೆ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ಹಣ. ಇನ್ನೂರು ಯೂನಿಟ್ ದಾಟಿದರೆ ಇಡೀ ಬಿಲ್ಲೇ ಕೈಗೆ ಬರುತ್ತೆ.

120 ಯೂನಿಟ್ ಸರಾಸರಿ ಇದ್ದ ಮನೆಗೆ 132ರವರೆಗೆ ಮಾಫಿ. ಸ್ಕೂಟರಿನ 35 ಸೇರಿ 155 ಆದರೆ 23 ಯೂನಿಟ್ಟಿನ ದುಡ್ಡು ಕಟ್ಟಿ ಸುಮ್ಮನಿರಬಹುದು, ನೂರೈವತ್ತರೊಳಗೆ ಮುಗಿಯುತ್ತೆ. ಆದರೆ ಫ್ರಿಜ್ಜು, ಮಿಕ್ಸಿ, ಗೀಸರ್ ಎಲ್ಲ ಇಟ್ಟುಕೊಂಡು 175 ಯೂನಿಟ್ ಉರಿಸುವ ಮನೆ ನೋಡಿ. ಅದಕ್ಕೆ 35 ಸೇರಿದರೆ 210. ಅಲ್ಲಿಗೆ ಮಾಫಿ ಕೈಬಿಟ್ಟಿತು. ಬರೀ ಯೂನಿಟ್ ಬಾಬ್ತೇ ಸಾವಿರದ ಇನ್ನೂರು, ಮೇಲೆ ನಿಗದಿತ ಶುಲ್ಕ, ತೆರಿಗೆ. ಇನ್ನೂರು ರೂಪಾಯಿ ಆಗಬೇಕಿದ್ದ ಚಾರ್ಜು ಸಾವಿರದ ಐನೂರು ದಾಟಿ ಕೂರುತ್ತೆ. ಪೆಟ್ರೋಲ್ ಬಂಕಿನಲ್ಲಿ ಉಳಿಸಿದ ಎರಡು ಸಾವಿರದಲ್ಲಿ ಮುಕ್ಕಾಲು ಪಾಲು ಬೆಸ್ಕಾಂ ಕೌಂಟರಿನಲ್ಲಿ ಕರಗಿತು. ದಾವಣಗೆರೆಯ ಬೇಸಿಗೆಯಲ್ಲಿ ಹಗಲೂ ರಾತ್ರಿ ಫ್ಯಾನು ತಿರುಗುವ ಏಪ್ರಿಲ್ ಮೇ ತಿಂಗಳಲ್ಲಿ ಎಷ್ಟು ಮನೆಗಳ ಕಥೆ ಹೀಗಾಗುತ್ತೆ ಅಂತ ಅವರವರ ಬಿಲ್ಲು ತೆಗೆದು ನೋಡಿಕೊಳ್ಳಬಹುದು.

ಹಾಗಾದರೆ ಅಂಗಡಿಯಲ್ಲೇ ಚಾರ್ಜಿಗೆ ಹಾಕಿಕೊಂಡರೆ? ಹಾಕಬಹುದು. ಆದರೆ ಅಂಗಡಿ ಮೀಟರಿನದು ವಾಣಿಜ್ಯ ದರ, ಮನೆಯದಕ್ಕಿಂತ ಜಾಸ್ತಿ. ಆದರೂ ಇನ್ನೂರರ ಗಡಿಯಲ್ಲಿರುವ ಮನೆಯವರಿಗೆ ಅಂಗಡಿ ಪ್ಲಗ್ಗೇ ಅಗ್ಗ.

ಕಂಪನಿಯವರು ಹೇಳುವ ಮೈಲೇಜಿನ ಮಾತು ಜಾಸ್ತಿ ಬೆಳೆಸಬೇಕಾಗಿಲ್ಲ. ಕಾಗದದ ಮೇಲೆ ನೂರೈವತ್ತು ಅಂದರೆ ರಸ್ತೆಯ ಮೇಲೆ ನೂರರ ಆಜುಬಾಜು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೈವೇಯಲ್ಲಿ ಅರವತ್ತರ ಮೇಲೆ ಎಳೆದರೆ ಇನ್ನೂ ಕಡಿಮೆ. ಊರೊಳಗೆ ಓಡಾಡುವ ಅಂಗಡಿಯವರಿಗೆ ಇದು ಧಾರಾಳ. ಜಗಳೂರು, ಚನ್ನಗಿರಿ ಅಂತ ವಸೂಲಿಗೆ ತಿರುಗುವ ಹೋಲ್‌ಸೇಲ್ ಪಾರ್ಟಿಗಳಿಗೆ ಮಾತ್ರ ಮಧ್ಯಾಹ್ನದ ಹೊತ್ತಿಗೆ ಕಣ್ಣು ರಸ್ತೆ ಬಿಟ್ಟು ಮೀಟರಿನ ಮೇಲೇ ಇರುತ್ತೆ.

ಹುಡುಗರು ಲೈಸನ್ಸ್ ಇಲ್ಲದೆ ಓಡಿಸುವ ಸಣ್ಣ ಗಾಡಿಗಳದ್ದೂ ಒಂದು ಮಾತು. 250 ವಾಟಿಗಿಂತ ಕಡಿಮೆ ಮೋಟರು, ಗಂಟೆಗೆ 25 ಕಿ.ಮೀ. ಮೀರದ ವೇಗ, ಇಂಥವಕ್ಕೆ ಮಾತ್ರ ನೋಂದಣಿ ಬೇಡ, ಲೈಸನ್ಸ್ ಬೇಡ. ಅದರ ವೇಗದ ಕಟ್ಟು ಬಿಚ್ಚಿಸಿ ನಲವತ್ತಕ್ಕೆ ಓಡಿಸಿದರೆ ಕಾನೂನಿನ ಕಣ್ಣಲ್ಲಿ ಅದು ನಂಬರಿಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟರ್ ಗಾಡಿ. ಯಾರಿಗಾದರೂ ಡಿಕ್ಕಿ ಹೊಡೆದರೆ ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯಿಂದಲೇ ಪರಿಹಾರ.

ಸಹಾಯಧನ ಬಂತು, ಹೋಯಿತು

ಸರ್ಕಾರ ಬಹಾದ್ದೂರರ ನಡೆ ಇನ್ನೊಂದು ಬಗೆ. ವಿದ್ಯುತ್ ವಾಹನಕ್ಕೇ ಅಂತ ಒಂದು ನೀತಿ ಹೊರಡಿಸಿದ ಮೊದಲ ರಾಜ್ಯ ಕರ್ನಾಟಕ, 2017ರಲ್ಲಿ. ಕೇಂದ್ರದವರು 2019ರ ಆಗಸ್ಟ್‌ನಲ್ಲಿ ಜಿ.ಎಸ್.ಟಿ.ಯನ್ನು 12ರಿಂದ 5ಕ್ಕೆ ಇಳಿಸಿದರು. 2021ರ ಜೂನ್‌ನಲ್ಲಿ ಬ್ಯಾಟರಿಯ ಒಂದೊಂದು ಕಿಲೋವಾಟ್-ಅವರ್‌ಗೆ 15 ಸಾವಿರ ಸಹಾಯಧನ ಅಂತ ಸಾರಿದರು. ಮೂರು ಕಿಲೋವಾಟ್-ಅವರ್ ಬ್ಯಾಟರಿಯ ಗಾಡಿಗೆ 45 ಸಾವಿರ ಬಂತು. ಜನ ಮುಗಿಬಿದ್ದರು. 2023ರ ಜೂನ್‌ನಲ್ಲಿ ಅದು 10 ಸಾವಿರಕ್ಕೆ ಇಳಿಯಿತು, ಅದೂ ಬೆಲೆಯ ಶೇಕಡಾ 15 ಮೀರದಂತೆ. 2024ರ ಏಪ್ರಿಲ್‌ನಲ್ಲಿ ಗಾಡಿಗೆ ಹೆಚ್ಚೆಂದರೆ 10 ಸಾವಿರ, 2025ರ ಏಪ್ರಿಲ್‌ನಲ್ಲಿ ಹೆಚ್ಚೆಂದರೆ 5 ಸಾವಿರ. ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಗಾಡಿಗಳ ಜಿ.ಎಸ್.ಟಿ.ಯನ್ನೇ 28ರಿಂದ 18ಕ್ಕೆ ಇಳಿಸಿದರು. ಒಂದು ಕೈಯಲ್ಲಿ ಬ್ಯಾಟರಿ ಗಾಡಿಯ ಬೆನ್ನು ತಟ್ಟಿ, ಇನ್ನೊಂದು ಕೈಯಲ್ಲಿ ಪೆಟ್ರೋಲ್ ಗಾಡಿಗೆ ಮಾಲೆ. ಯಾವ ವರ್ಷ ಕೊಂಡ ಅನ್ನೋದರ ಮೇಲೆ ಒಬ್ಬ ಜಾಣ, ಇನ್ನೊಬ್ಬ ಪೆದ್ದ ಆಗೋ ವ್ಯವಸ್ಥೆ ಇದು.

ಹಿಂದೆಯೂ ಹೀಗೇ ಆಗಿತ್ತು. 2010ರ ಕೊನೆಯಲ್ಲಿ ಶುರುವಾದ ಕೇಂದ್ರದ ಸಹಾಯಧನ 2012ರ ಮಾರ್ಚ್‌ಗೆ ನಿಂತಾಗ ಬ್ಯಾಟರಿ ಸ್ಕೂಟರಿನ ವ್ಯಾಪಾರವೇ ಕುಸಿಯಿತು. ಎಷ್ಟೋ ಡೀಲರುಗಳು ಬಾಗಿಲು ಹಾಕಿದರು. ಆಗ ಕೊಂಡವರ ಸೀಸದ ಬ್ಯಾಟರಿಗಳು ಒಂದೆರಡು ವರ್ಷಕ್ಕೆ ಸತ್ತವು. ಬದಲಿ ಹಾಕೋರಿಲ್ಲದೆ ಗಾಡಿ ಗುಜರಿಗೆ. ಈಗಿನ ಲಿಥಿಯಂ ಬ್ಯಾಟರಿ ಅದಕ್ಕಿಂತ ಬಹಳ ಗಟ್ಟಿ, ಒಪ್ಪಬೇಕಾದ್ದೇ. 2024ರಿಂದ ಕೆಲವು ಕಂಪನಿಗಳು ಎಂಟು ವರ್ಷ ಇಲ್ಲವೆ 80 ಸಾವಿರ ಕಿ.ಮೀ. ಅಂತ ವಾರಂಟಿಯನ್ನೂ ಕೊಡತೊಡಗಿದವು. ಆದರೆ ವಾರಂಟಿ ಬದುಕೋದು ಕಂಪನಿ ಬದುಕಿದ್ದರೆ ತಾನೇ? ಒಂದು ಕಾಲಕ್ಕೆ ಈ ವ್ಯಾಪಾರದಲ್ಲಿ ಮುಂದಿದ್ದ ಕಂಪನಿಯೊಂದು 2024ರ ಡಿಸೆಂಬರ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ಅದರ ಗಾಡಿ ಕೊಂಡವರು ಆ ವಾರಂಟಿ ಕಾಗದವನ್ನು ಯಾರ ಮುಂದೆ ಹಿಡಿಯಬೇಕು?

ಬೆಂಕಿಯ ಭಯವೂ ಜನರಲ್ಲಿದೆ. 2022ರ ಮಾರ್ಚ್‌ನಲ್ಲಿ ವೆಲ್ಲೂರಿನಲ್ಲಿ ಚಾರ್ಜಿಗೆ ಹಾಕಿದ್ದ ಗಾಡಿ ಹೊತ್ತಿಕೊಂಡು ತಂದೆ ಮಗಳು ಹೊಗೆಯಲ್ಲಿ ಸತ್ತರು. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಡಾ. ರಾಜ್‌ಕುಮಾರ್ ರಸ್ತೆಯ ಶೋರೂಮಿಗೆ ಬೆಂಕಿ ಬಿದ್ದು ಕೆಲಸದ ಹುಡುಗಿಯೊಬ್ಬಳು ಜೀವ ಕಳೆದುಕೊಂಡಳು. ನಡುವೆ 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತದಲ್ಲಿ ಬ್ಯಾಟರಿ ನಿಯಮ ಬಿಗಿಯಾಯಿತು. ಗಾಡಿ ದಿನಾ ಹೊತ್ತಿಕೊಳ್ಳಲ್ಲ, ಪೆಟ್ರೋಲ್ ಗಾಡಿಯೂ ಉರಿಯುತ್ತೆ. ಆದರೆ ಹಳೇ ಪೇಟೆಯ ಮನೆಗಳಿಗೆ ಇರೋದು ಒಂದೇ ಬಾಗಿಲು. ಆ ಬಾಗಿಲಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿ, ಒಳಗೆ ಮಕ್ಕಳು ಮರಿ ಮಲಗೋದು ಬುದ್ಧಿವಂತಿಕೆ ಅಲ್ಲ. ಬಿಸಿಲಲ್ಲಿ ಓಡಿಸಿ ತಂದ ಗಾಡಿ ಆರಿದ ಮೇಲೇ ಪ್ಲಗ್ಗು ಚುಚ್ಚಬೇಕು, ಎದ್ದಿರುವ ಹೊತ್ತಲ್ಲೇ ಚಾರ್ಜು ಮುಗಿಸಬೇಕು.

ಮರದ ಕೆಳಗಿನ ಮೆಕ್ಯಾನಿಕ್

ನಿಜವಾದ ನೋವು ಇರೋದು ರಿಪೇರಿಯಲ್ಲಿ. ಪೆಟ್ರೋಲ್ ಗಾಡಿ ಎಲ್ಲಿ ಕೆಟ್ಟು ನಿಂತರೂ ಅರ್ಧ ಮೈಲಿಯೊಳಗೆ ಮರದ ಕೆಳಗೆ ಒಬ್ಬ ಮೆಕ್ಯಾನಿಕ್ ಇರುತ್ತಾನೆ. ಇಪ್ಪತ್ತು ರೂಪಾಯಿ ವೈರು ಕಟ್ಟಿ ಕಳಿಸುತ್ತಾನೆ, ದುಡ್ಡು ನಾಳೆ ಕೊಟ್ಟರೂ ನಡೆಯುತ್ತೆ. ಬ್ಯಾಟರಿ ಗಾಡಿ ನಿಂತರೆ ಅದೇ ಮೆಕ್ಯಾನಿಕ್ ಕೈ ಒರೆಸಿಕೊಂಡು 'ಇದು ನಮ್ದಲ್ಲಣ್ಣ, ಕಂಪ್ನಿಗೇ ತಗಂಡೋಗು' ಅಂತಾನೆ. ಅವನ ತಪ್ಪಲ್ಲ. ಗಾಡಿಯ ಮಿದುಳು ಕಂಪ್ಯೂಟರು. ಅದಕ್ಕೆ ಏನು ರೋಗ ಅಂತ ಓದೋ ಸಾಫ್ಟ್‌ವೇರ್ ಕಂಪನಿಯ ಹತ್ತಿರ. ಬಿಡಿಭಾಗವೂ ಕಂಪನಿಯ ಹತ್ತಿರ. ಗಾಡಿಯ ಆರ್.ಸಿ. ಮಾತ್ರ ಕೊಂಡವನ ಹೆಸರಲ್ಲಿ.

ಶೋರೂಮುಗಳು ಜಿಲ್ಲಾ ಕೇಂದ್ರಗಳಿಗೆ ಬೇಗ ಬಂದವು. ಅದೇ ವೇಗದಲ್ಲಿ ವರ್ಕ್‌ಶಾಪು, ನುರಿತ ಕೈ, ಬಿಡಿಭಾಗ ಬರಲಿಲ್ಲ. ಅದರ ಫಲ 2024ರಲ್ಲಿ ಕಂಡಿತು. ಒಂದೇ ಕಂಪನಿಯ ಮೇಲೆ ಒಂದು ವರ್ಷದಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ದೂರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಬಿದ್ದು, ಕೇಂದ್ರದ ಗ್ರಾಹಕ ಪ್ರಾಧಿಕಾರ ಅಕ್ಟೋಬರ್‌ನಲ್ಲಿ ನೋಟಿಸು ಕೊಟ್ಟಿತು. ಅದಕ್ಕೂ ಒಂದು ತಿಂಗಳು ಮುಂಚೆ, ಸೆಪ್ಟೆಂಬರ್‌ನಲ್ಲಿ, ಕಲಬುರಗಿಯಲ್ಲಿ ಹೊಸದಾಗಿ ಕೊಂಡ ಗಾಡಿ ಸರಿಹೋಗಲಿಲ್ಲ ಅನ್ನೋ ಸಿಟ್ಟಿಗೆ ತರುಣನೊಬ್ಬ ಶೋರೂಮಿಗೇ ಬೆಂಕಿ ಇಟ್ಟು ಜೈಲು ಸೇರಿದ. ಮಾಡಿದ್ದು ಅಪರಾಧ, ಅನುಮಾನವಿಲ್ಲ. ಆದರೆ ಎಷ್ಟು ಸಲ ಅಲೆದಾಡಿಸಿದರೆ ಒಬ್ಬ ಗಿರಾಕಿ ಆ ಮಟ್ಟಕ್ಕೆ ಇಳಿಯುತ್ತಾನೆ ಅನ್ನೋದನ್ನು ಮಾರುವವರು ಯೋಚಿಸಬೇಕಿತ್ತು.

ಅಂಗಡಿಯವನಿಗೆ ಇದು ಬರೀ ಸಿಟ್ಟಿನ ಪ್ರಶ್ನೆ ಅಲ್ಲ. ತಿಂಗಳಿಗೆ ಎರಡು ಸಾವಿರ ಉಳಿಸುವ ಗಾಡಿ ಹದಿನೈದು ದಿನ ವರ್ಕ್‌ಶಾಪಿನಲ್ಲಿ ಕೂತರೆ, ಸಾಮಾನು ತರಲು ದಿನಾ ಇನ್ನೂರು ರೂಪಾಯಿ ಆಟೋ. ಮೂರು ಸಾವಿರ ಹೋಯಿತು, ಕಂತು ನಿಲ್ಲಲಿಲ್ಲ. ವರ್ಷಕ್ಕೆ ಎರಡು ಸಲ ಹೀಗಾದರೆ ಮೂರು ತಿಂಗಳ ಉಳಿತಾಯ ಹೊಗೆ. ಹಳೇ ಗಾಡಿ ಮಾರಲು ಹೋದರೂ ಅಷ್ಟೆ. ಪೆಟ್ರೋಲ್ ಗಾಡಿಯ ಎಂಜಿನ್ ಸದ್ದು ಕೇಳಿಯೇ ಬೆಲೆ ಕಟ್ಟುವ ದಲ್ಲಾಳಿ, ಬ್ಯಾಟರಿಯ ಆಯಸ್ಸು ತಿಳಿಯದೆ ಕಣ್ಣುಮುಚ್ಚಿ ಅರ್ಧಕ್ಕೆ ಕೇಳುತ್ತಾನೆ.

ಕೊಳ್ಳುವ ಮುಂಚೆ ಶೋರೂಮಿನ ಗಾಜಿನ ಮೇಜು ಬಿಟ್ಟು ಹಿಂದಿನ ವರ್ಕ್‌ಶಾಪಿಗೆ ಹೋಗಿ ನೋಡಬೇಕು. ಎಷ್ಟು ಗಾಡಿ ಧೂಳು ಹಿಡಿದು ನಿಂತಿವೆ, ಅವು ಬಂದು ಎಷ್ಟು ದಿನ ಆಯಿತು, ಕೆಲಸದ ಹುಡುಗರು ಎಷ್ಟು ಮಂದಿ. ಅಲ್ಲಿ ಕಾದು ಕೂತವರ ಮುಖ ಯಾವ ಜಾಹೀರಾತಿಗಿಂತಲೂ ಚೆನ್ನಾಗಿ ವಿಷಯ ಹೇಳುತ್ತೆ. ವರ್ಕ್‌ಶಾಪ್ ಹರಿಹರ, ದಾವಣಗೆರೆ ಬಿಟ್ಟು ದೂರದ ಊರಲ್ಲಿದೆ ಅಂದರೆ ಗಾಡಿ ಎಷ್ಟೇ ಚೆಂದ ಇರಲಿ, ಕೈ ಮುಗಿದು ಬರೋದು. ಕೊಂಡು ಕೆಟ್ಟವರಿಗೂ ದಾರಿ ಇದೆ. 1915ಕ್ಕೆ ಫೋನು ಮಾಡಿದರೆ ದೂರು ದಾಖಲಾಗುತ್ತೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಐದು ಲಕ್ಷದವರೆಗಿನ ವ್ಯವಹಾರದಲ್ಲಿ ಶುಲ್ಕ ಕಟ್ಟಬೇಕಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೆ ಬೇಕಾದ್ದು ಪ್ರತಿ ಸಲ ಗಾಡಿ ಬಿಟ್ಟಾಗ ತಾರೀಖು ಹಾಕಿದ ಜಾಬ್ ಕಾರ್ಡು. 'ಬಿಟ್ಟೋಗಿ ಸಾರ್, ಸಂಜೆ ಫೋನ್ ಮಾಡ್ತೀವಿ' ಅಂದವರ ಬಾಯಿಮಾತು ಅಲ್ಲಿ ನಡೆಯಲ್ಲ.

ಇಷ್ಟೆಲ್ಲ ಆದರೂ ಕೈ ಇಲ್ಲ ಅಂತಲ್ಲ. ರಾಜ್ಯದಲ್ಲಿ 150 ಸರ್ಕಾರಿ ಐ.ಟಿ.ಐ.ಗಳನ್ನು 2022ರಲ್ಲಿ ಕೋಟ್ಯಂತರ ಸುರಿದು ಹೊಸದು ಮಾಡಿದರು. ವಿದ್ಯುತ್ ವಾಹನದ ಮೆಕ್ಯಾನಿಕ್ ಕೆಲಸವನ್ನೂ ಅಲ್ಲಿ ಕಲಿಸುತ್ತಾರೆ. ಕಲಿತ ಹುಡುಗ ಮೀಟರು, ಸ್ಪ್ಯಾನರು ಹಿಡಿದು ಸ್ವಂತ ಅಂಗಡಿ ತೆರೆದರೆ ಕಂಪನಿಗಳು ಅವನಿಗೆ ಬಿಡಿಭಾಗ ಮಾರುತ್ತವೆಯೇ, ಸಾಫ್ಟ್‌ವೇರ್ ಕೊಡುತ್ತವೆಯೇ? ಸಹಾಯಧನ ಕೊಡುವಾಗಲೇ ಸರ್ಕಾರ ಈ ಒಂದು ಷರತ್ತು ಹಾಕಿದ್ದರೆ, ಪಿ.ಬಿ. ರಸ್ತೆಯ ಮರದ ಕೆಳಗೆ ಈ ಹೊತ್ತಿಗೆ ಹಸಿರು ಪ್ಲೇಟಿನ ಗಾಡಿಗಳೂ ರಿಪೇರಿಗೆ ಸಾಲಾಗಿ ನಿಂತಿರುತ್ತಿದ್ದವು.