ಎಣ್ಣಿ ಬಾಟ್ಲಿ ಕಳಿಸಿದೆ, ಊಟ ಆತೇನು ಅಂತ ಕೇಳ್ಲಿಲ್ಲ

ನನ್ನ ಮಗಳು ಬಾಣಂತನ ಮುಗಿಸ್ಕೊಂಡು ಬೆಂಗಳೂರಿಗೆ ಹೋಗಿ ಒಂದು ತಿಂಗಳಾಗಿತ್ತು. ಕೂಸಿಗೆ ಆಗ ನಾಕು ತಿಂಗಳು. ಒಂದಿನ ಫೋನ್ ಮಾಡಿ, "ಅವ್ವಾ, ತಲಿ ಹಿಕ್ಕೊಂಡ್ರ ಹಣಿಗಿ ತುಂಬ ಕೂದಲಾ ಬರ್ಲಿಕ್ಕತ್ತಾವ" ಅಂತ ಅತ್ತಳು.

ನಾ ಏನ್ ಮಾಡಿದೆ ಗೊತ್ತೇನ್ರಿ? ಅಲ್ಲಿಯ ಬೋರ್ ನೀರಿಗೆ ಬೈದೆ, ಶಾಂಪೂಗೆ ಬೈದೆ, ನೆಟ್ಟಗ ಎಣ್ಣಿ ಹಚ್ಕೊಳ್ಳೂದಿಲ್ಲ ಅಂತ ಅಕಿಗೂ ಬೈದೆ. ದಾಸವಾಳದ ಎಲಿ, ಮೆಂತ್ಯ, ಕರಿಬೇವು ಹಾಕಿ ಕೊಬ್ರಿ ಎಣ್ಣಿ ಕಾಸಿ ಎರಡು ಬಾಟ್ಲಿ ಕಳಿಸಿದೆ. ತಾಯಿ ಕೆಲಸ ಮುಗೀತು ಅಂತ ಸಮಾಧಾನ ಆತು.

ಎರಡು ತಿಂಗಳು ಬಿಟ್ಟು ನಾನ ಅಲ್ಲಿಗೆ ಹೋದೆ. ಹುಡುಗಿ ಎರಡನೇ ಮಾಳಿಗಿ ಹತ್ತೂದ್ರಾಗ ಎರಡು ಸಲ ನಿಂತು ಉಸುರು ತಗೋತಿದ್ಲು. ಮುಖ ಬೆಳ್ಳಗಾಗಿತ್ತು. ಮುಂಜಾನೆ ಚಹಾ-ಬಿಸ್ಕೀಟು, ಮಧ್ಯಾಹ್ನ ಕೂಸು ಮಲಗಿದ್ರ ನಿಂತಕೊಂಡು ಎರಡು ತುತ್ತು ಅನ್ನ. ದವಾಖಾನಿಗೆ ಕರ್ಕೊಂಡು ಹೋದ್ರ ಹಿಮೋಗ್ಲೋಬಿನ್ 8! ಹೆಣ್ಮಕ್ಕಳಿಗೆ 12 ಆದ್ರೂ ಇರ್ಬೇಕು.

ಡಾಕ್ಟರ್ ಬಾಯಿ ಛಂದಾಗಿ ತಿಳಿಸಿ ಹೇಳಿದ್ರು. ಬಸಿರಿದ್ದಾಗ ಉದುರಬೇಕಾದ ಕೂದಲಾ ಉದುರದ ಹಂಗ ನಿಂತಿರ್ತಾವ, ಹಡದ ಮೂರು-ನಾಕು ತಿಂಗಳಿಗೆ ಎಲ್ಲಾ ಒಮ್ಮೆಲೆ ಉದುರ್ತಾವ, ವರ್ಷದೊಳಗ ತಾವ ತಿರುಗಿ ಬರ್ತಾವ. ಅದಕ್ಕ ಹೆದರೋದು ಬ್ಯಾಡ. ಆದ್ರ ಮೈಯಾಗ ರಕ್ತ ಇಲ್ದಿದ್ರ ಬರೋ ಕೂದಲಿಗೆ ಕಸುವು ಎಲ್ಲಿಂದ ಬರ್ಬೇಕು?

ನಂಗ ನಾಚಿಕಿ ಬಂತು. ಎರಡು ತಿಂಗಳು ದಿನಾ ಫೋನಿನ್ಯಾಗ ಕೂದಲಿನ ಮಾತು ಆಡಿದ್ದೆ. "ಊಟ ಆತೇನವಾ, ದಣಿವಾಗ್ತದೇನು" ಅಂತ ಒಂದು ದಿನಾನೂ ಕೇಳಿರ್ಲಿಲ್ಲ.

ಅದಕ್ಕ ಹೇಳ್ತೀನಿ, ನಮ್ಮ ಮನಿಗೋಳೊಳಗ ಕೂದಲಿನ ಆರೈಕಿ ಎಣ್ಣಿ ಬಾಟ್ಲಿಯಿಂದ ಅಲ್ಲ, ತಾಟಿನಿಂದ ಸುರು ಆಗ್ಬೇಕು. ಎಲ್ಲಾರಿಗೂ ಬಡಿಸಿ, ತಳದಾಗ ಉಳಿದ ಪಲ್ಯಾ ಬಳಕೊಂಡು ಉಣ್ಣೋರು ನಾವ. ಕಾಳು ಗಂಡಸರಿಗೆ, ಕಟ್ಟು ನಮಗ! ಹೆಸರುಕಾಳು, ಮಡಕಿಕಾಳು, ರಾಜಗಿರಿ ಪಲ್ಯಾ, ಶೇಂಗಾ ಹಿಂಡಿ, ಇವು ನಮ್ಮ ತಾಟಿಗೂ ಸಮಾ ಬೀಳ್ಲಿ. ಪಲ್ಯಾದ ಮ್ಯಾಲೆ ನಿಂಬಿಹಣ್ಣು ಹಿಂಡ್ಕೋರಿ, ಕಬ್ಬಿಣದ ಅಂಶ ಮೈಗೆ ಹತ್ತತದ. ಉಂಡ ಕೂಡ್ಲೆ ಚಹಾ ಕುಡೀಬ್ಯಾಡ್ರಿ, ಚಹಾ ಅದನ್ನ ತಡೀತದ.

"ನಮ್ಮಜ್ಜಿ ಬರೇ ಎಣ್ಣಿ ಹಚ್ಚೇ ಮೊಣಕಾಲ ತನಕಾ ಹೆರಳು ಬೆಳಸಿದ್ಲು" ಅಂತ ನಮ್ಮ ವೈನಿ ವಾದ ಮಾಡ್ತಾರ. ಖರೇ ಅದ. ಆದ್ರ ಅದ ಮನ್ಯಾಗ, ಅದ ಎಣ್ಣಿ ಹಚ್ಕೊಂಡ ನಮ್ಮ ಅತ್ತಿ ತುರುಬು ನಿಂಬಿಕಾಯಿ ಅಷ್ಟ ಇತ್ತಲ್ಲ? ಕೆಲವರಿಗೆ ಹುಟ್ಟಾ ದಟ್ಟ ಇರ್ತಾವ, ಕೆಲವರಿಗೆ ಇಲ್ಲ. ಎಣ್ಣಿ ಇದ್ದ ಕೂದಲಾ ಕಾಯ್ತದ, ಹೊಸಾವು ಹುಟ್ಟಸೂದಿಲ್ಲ.

ಹಂಗಂತ ನಾ ಎಣ್ಣಿ ಬಿಟ್ಟಿಲ್ಲ. ತಲಿ ಎರಕೊಳ್ಳೋ ಮುಂಚೆ ಒಂದೆರಡು ತಾಸು ಹಚ್ಕೋತೀನಿ. ತಲಿಹೊಟ್ಟು ಇದ್ದೋರು ಎಣ್ಣಿ ಹಚ್ಚಿ ದಿನಗಟ್ಟಲೆ ಬಿಡಬಾರ್ದು, ಹೊಟ್ಟು ಹೆಚ್ಚಾಗ್ತದ. ಸೀಗಿಕಾಯಿ ಆಗ್ಲಿ ಶಾಂಪೂ ಆಗ್ಲಿ ಬುಡಕ್ಕ ಹಚ್ಚಿ ತಿಕ್ಕಿದ್ರ ಸಾಕು. ಸುಡು ನೀರು ಬ್ಯಾಡ, ಉಗುರುಬೆಚ್ಚಗ ಇರ್ಲಿ. ಟವೆಲ್ಲಿನಿಂದ ಪಟಾ ಪಟಾ ಬಡೀಬ್ಯಾಡ್ರಿ, ಒತ್ತಿ ಒರಸ್ರಿ. ಹಸಿ ಕೂದಲಾ ಲಗೂನ ಹರೀತಾವ, ಸ್ವಲ್ಪ ಆರಿದ ಮ್ಯಾಲೆ ದೊಡ್ಡ ಹಲ್ಲಿನ ಹಣಿಗಿಲೆ ತುದಿಯಿಂದ ಸಿಕ್ಕು ಬಿಡಸ್ಕೋತ ಮ್ಯಾಲೆ ಬರ್ರಿ. ಹುಡುಗ್ಯಾರಿಗೆ ಹಣಿ ಜಗ್ಗೋ ಹಂಗ ಬಿಗಿ ಹೆರಳು ಹಾಕಬ್ಯಾಡ್ರಿ, ದಿನಾ ಜಗ್ಗಿದ್ರ ಹಣಿಮುಂದಿನ ಕೂದಲಾ ಕಾಯಂ ಹೋಗ್ತಾವ. ವಾರಕ್ಕೊಮ್ಮೆ ಹಣಿಗಿನೂ ತೊಳೀರಿ.

ದಿನಕ್ಕ 50ರಿಂದ 100 ಕೂದಲಾ ಉದುರೋದು ಎಲ್ಲಾರಿಗೂ ಇದ್ದದ್ದ. ಅದಕ್ಕಿಂತ ಭಾಳ ಅನಿಸಿದ್ರ, ಜೋಡಿಗೆ ದಣಿವು, ಮುಟ್ಟಿನ್ಯಾಗ ಹೆಚ್ಚು ರಕ್ತ ಹೋಗೋದು ಇದ್ರ ರಕ್ತ ಮತ್ತ ಥೈರಾಯ್ಡ್ ತಪಾಸಣಿ ಮಾಡಸ್ರಿ. ಗುಳಿಗಿ ಮಾತ್ರ ಬಾಜೂ ಮನಿಯೋರು ಹೇಳಿದ್ರು ಅಂತ ನುಂಗಬ್ಯಾಡ್ರಿ, ಡಾಕ್ಟರ್ ಹೇಳಿದ್ದಷ್ಟ ತಗೋರಿ.

ಮಗಳಿಗೆ ಈಗ ಹಣಿ ಮ್ಯಾಲೆ ಸಣ್ಣ ಸಣ್ಣ ಹೊಸ ಕೂದಲಾ ನಿಂತಾವ. ಕೂದಲಾ ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಅಷ್ಟ ಬೆಳೀತದ, ಅವಸರ ಮಾಡಿದ್ರ ಆಗಂಗಿಲ್ಲ.

ಇನ್ನ ಮುಂದ ಮದವಿ-ಮುಂಜವಿಯೊಳಗ ಯಾರ್ದರ ತೆಳ್ಳನ ಹೆರಳು ಕಂಡ್ರ "ಅಯ್ಯ, ಕೂದಲಾ ಎಲ್ಲಾ ಹೋದ್ವಲ್ಲ!" ಅಂತ ನಾಕು ಮಂದಿ ಮುಂದ ಅನಬ್ಯಾಡ್ರಿ. ಅಕಿಗೆ ಕನ್ನಡಿ ದಿನಾ ಅದನ್ನ ಹೇಳ್ತಿರ್ತದ. ಬಾಜೂಕ ಕೂಡಿಸ್ಕೊಂಡು, ಇನ್ನೊಂದು ಹೋಳಿಗಿ ಬಡಿಸಿ, ಆರಾಮ ಇದ್ದೀ ಏನು ಅಂತ ಕೇಳ್ರಿ.