ಕಿವಿ ಮುಚ್ಚಿ ಓಡುವ ಮಕ್ಕಳಿಗೆ

ಸಾಮಾನ್ಯವಾಗಿ ಇಲ್ಲಿ ನಾನು ಹಳೆಯ ನೆನಪುಗಳನ್ನು ಹಂಚಿಕೊಳ್ಳುತ್ತೇನೆ. ಈ ಸಲ ಸ್ವಲ್ಪ ಜಗಳವಾಡುವುದಿದೆ. ಜಗಳ ನಮ್ಮ ಮಕ್ಕಳೊಡನೆಯೇ ಆದ್ದರಿಂದ ಅವರ ತಂದೆತಾಯಿಗಳಾದ ನೀವು ಇದನ್ನು ಸಮಾಧಾನದಿಂದ ಓದಬೇಕೆಂದು ಕೋರುತ್ತೇನೆ.

ಗೋಕಾಕದಿಂದ ಘಟಪ್ರಭಾದ ಕಡೆಗೆ ಹೋಗುವ ರಸ್ತೆಯಲ್ಲಿ ನಸುಕಿನ ಐದು ಗಂಟೆಗೆ ನಿಂತು ನೋಡಿರಿ. ತರುಣರು ಗುಂಪುಗುಂಪಾಗಿ ಓಡುತ್ತಿರುತ್ತಾರೆ. ಮೂಡಲಗಿಯ ಸುತ್ತಲಿನ ಹಳ್ಳಿಗಳಲ್ಲಿಯೂ, ಹುಕ್ಕೇರಿಯಿಂದ ಸಂಕೇಶ್ವರಕ್ಕೆ ಹೋಗುವ ದಾರಿಯಲ್ಲಿಯೂ ಇದೇ ನೋಟ. ಇವರು ಮೈಯ ಕೊಬ್ಬು ಕರಗಿಸಲು ಓಡುವವರಲ್ಲ. ಪೊಲೀಸ್ ಭರತಿ, ಇಲ್ಲವೇ ಸೈನ್ಯದ ಭರತಿ, ಇವೆರಡೇ ಅವರ ಗುರಿ. ಎರಡು ಎಕರೆ ಹೊಲ, ಸೊಸಾಯಿಟಿಯ ಸಾಲ, ಮದುವೆಗೆ ಬಂದ ತಂಗಿ, ಇವೆಲ್ಲ ಅವರ ಬೆನ್ನ ಹಿಂದೆಯೇ ಓಡಿಬರುತ್ತಿರುತ್ತವೆ. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅವರಲ್ಲಿ ಬಹಳ ಜನರ ಎರಡೂ ಕಿವಿಗಳಲ್ಲಿ ಇಯರ್‌ಫೋನ್ ತುರುಕಿರುತ್ತದೆ. ನನ್ನ ಜಗಳ ಅದರೊಡನೆ.

ಈ ಸಿಟ್ಟಿಗೆ ಕಾರಣವಿದೆ. ನನ್ನ ಕೈಯಲ್ಲಿ ಕನ್ನಡ ಕಲಿತ ವಿದ್ಯಾರ್ಥಿಯೊಬ್ಬನ ಮಗ ಹೀಗೆಯೇ ಓಡುತ್ತಿದ್ದ. ಕಬ್ಬು ನುರಿಸುವ ಹಂಗಾಮು. ಎರಡು ಟ್ರೇಲರ್‌ಗಳ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಹಿಂದಿನಿಂದ ಬಂದಿತು. ತಿರುವಿನಲ್ಲಿ ಹಿಂದಿನ ಟ್ರೇಲರ್ ಓಲಾಡಿ ಹುಡುಗನಿಗೆ ಬಡಿಯಿತು. ಜೀವ ಉಳಿಯಿತು, ಬಲಗಾಲು ಎರಡು ಕಡೆ ಮುರಿಯಿತು. ಮೈದಾನ ಪರೀಕ್ಷೆಗೆ ಒಂದೂವರೆ ತಿಂಗಳಷ್ಟೇ ಉಳಿದಿತ್ತು. ಮರುವರ್ಷ ಅವನ ವಯಸ್ಸು ಮೀರಿತು. ಆ ಟ್ರ್ಯಾಕ್ಟರಿನ ಚಾಲಕನ ತಲೆಯ ಹಿಂದೆಯೂ ಎರಡು ದೊಡ್ಡ ಸ್ಪೀಕರುಗಳು ಹಾಡುತ್ತಿದ್ದವಂತೆ. ಇಬ್ಬರೂ ತಮ್ಮ ತಮ್ಮ ಹಾಡಿನಲ್ಲಿದ್ದರು. ಇಬ್ಬರಿಗೂ ಒಬ್ಬರ ಸಪ್ಪಳ ಒಬ್ಬರಿಗೆ ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಹುಡುಗನ ಪಕ್ಕ ಕುಳಿತು, "ಯಾಕ ತಮ್ಮಾ, ಆ ಹಾಡು ಅಷ್ಟ ಬೇಕಾಗಿತ್ತೇನು?" ಎಂದೆ. ಅವನು ಸುಳ್ಳು ಹೇಳಲಿಲ್ಲ. "ಹಾಡ ಇರಲಿಲ್ಲಂದ್ರ ಕಾಲ ಜಗ್ಗತಾವ್ರಿ ಅಜ್ಜಾರ. ಹಾಡ ಇದ್ರ ದಣಿವು ಗೊತ್ತಾಗೂದಿಲ್ಲರಿ" ಎಂದ. ಆ ಮಾತಿಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಇಂದು ಬರೆಯುತ್ತಿರುವುದು ಆ ಉತ್ತರವನ್ನೇ.

ಮೊದಲು ಅವನ ಮಾತಿನಲ್ಲಿರುವ ಸತ್ಯವನ್ನು ಒಪ್ಪಿಕೊಳ್ಳೋಣ. ಹಾಡು ದಣಿವನ್ನು ಮರೆಸುವುದು ನಿಜ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕರಗಿಯಾರ್ಗಿಸ್ ಎಂಬ ವಿದ್ವಾಂಸರು ಬಹುಕಾಲ ಇದನ್ನೇ ಅಭ್ಯಾಸ ಮಾಡಿದ್ದಾರೆ. ಸಾಧಾರಣ ವೇಗದಲ್ಲಿ ಓಡುವಾಗ ಸಂಗೀತವು ಆಯಾಸದ ಅರಿವನ್ನು ತಗ್ಗಿಸುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ತಿಳಿದ ಸಂಗತಿ. ಆದರೆ ಓಟ ಬಿರುಸಾಗಿ ಏದುಸಿರು ಬರತೊಡಗಿದ ಮೇಲೆ ಆ ಉಪಕಾರ ಕುಗ್ಗುತ್ತದೆ ಎಂಬುದೂ ಅವುಗಳಿಂದಲೇ ತಿಳಿದದ್ದು. ಆಗ ದೇಹದ ಕೂಗು ಹಾಡಿಗಿಂತ ದೊಡ್ಡದಾಗಿರುತ್ತದೆ.

ನಮ್ಮ ಹುಡುಗರ ಪರೀಕ್ಷೆ ಎಂಥದು? ನಾಗರಿಕ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೆ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕು. 400 ಮೀಟರಿನ ಮೈದಾನದಲ್ಲಿ ನಾಲ್ಕು ಸುತ್ತು, ಒಂದೊಂದು ಸುತ್ತಿಗೆ ಸುಮಾರು 97 ಸೆಕೆಂಡು. ಇದು ಏದುಸಿರಿನ ಓಟ. ಹಾಡು ನೆರವಾಗುವ ಜಾಗ ಇದಲ್ಲ. ಮೇಲಾಗಿ ಆ ಮೈದಾನದಲ್ಲಿ ಯಾರೂ ಇಯರ್‌ಫೋನ್ ಹಾಕಿಕೊಂಡು ಓಡಲು ಬಿಡುವುದಿಲ್ಲ. ಆರು ತಿಂಗಳು ಊರುಗೋಲು ಹಿಡಿದು ನಡೆದವನಿಗೆ ಪರೀಕ್ಷೆಯ ದಿನ ಅದನ್ನು ಕಿತ್ತುಕೊಂಡು ಓಡು ಎಂದರೆ ಅವನ ಗತಿ ಏನು?

ಜಾಗತಿಕ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮವೂ ಇದೇ. ಸ್ಪರ್ಧಾಂಗಣದೊಳಗೆ ರೇಡಿಯೋ, ಮೊಬೈಲ್ ಮೊದಲಾದವನ್ನು ಇಟ್ಟುಕೊಳ್ಳುವುದನ್ನು ಅದು ಹೊರಗಿನ ಸಹಾಯವೆಂದೇ ಎಣಿಸಿ ನಿಷೇಧಿಸಿದೆ. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆಯು 2007ರಲ್ಲಿ ರಸ್ತೆ ಓಟಗಳಲ್ಲಿಯೂ ಇವನ್ನು ನಿಷೇಧಿಸಿತು. ಜನರು ಗದ್ದಲ ಮಾಡಿದ ಮೇಲೆ, 2008ರ ಕೊನೆಗೆ, ಪದಕ ಬಹುಮಾನಗಳಿಗಾಗಿ ಸ್ಪರ್ಧಿಸದ ಸಾಮಾನ್ಯರಿಗೆ ಮಾತ್ರ ಸಂಘಟಕರು ಅನುಮತಿ ಕೊಡಬಹುದೆಂದು ಸಡಿಲಿಸಿತು. ಅಂದರೆ ವಿನೋದಕ್ಕೆ ಓಡುವವನಿಗೆ ಹಾಡು, ಗೆಲ್ಲಲು ಓಡುವವನಿಗೆ ಬರಿಗಿವಿ. ನಮ್ಮ ಹುಡುಗರು ಯಾವ ಸಾಲಿನವರೆಂದು ಅವರೇ ಹೇಳಲಿ.

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಇದಕ್ಕೊಂದು ಎದುರುವಾದ ಹೂಡಿದ. ಇಥಿಯೋಪಿಯಾದ ಹೈಲೆ ಗೆಬ್ರೆಸಿಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದ್ದು ತನ್ನ ಮೆಚ್ಚಿನ ಹಾಡೊಂದನ್ನು ಹಾಕಿಸಿಕೊಂಡೇ ಅಲ್ಲವೇ ಅಜ್ಜಾ, ಎಂದು ಕೇಳಿದ. ಹೌದು ಮಗು. ಆದರೆ ಆ ಹಾಡು ಮೊಳಗಿದ್ದು ಕ್ರೀಡಾಂಗಣದ ಧ್ವನಿವರ್ಧಕಗಳಲ್ಲಿ. ಅವನಿಗೆ ಕೇಳಿದ್ದು ಅವನ ಪ್ರತಿಸ್ಪರ್ಧಿಗಳಿಗೂ ಪ್ರೇಕ್ಷಕರಿಗೂ ಕೇಳಿತು. ಅವನ ಕಿವಿ ಯಾವುದಕ್ಕೂ ಮುಚ್ಚಿರಲಿಲ್ಲ, ಅವನ ಹಿಂದೆ ಕಬ್ಬಿನ ಟ್ರ್ಯಾಕ್ಟರೂ ಬರುತ್ತಿರಲಿಲ್ಲ.

ನಾನು ಸಂಗೀತದ್ವೇಷಿಯಲ್ಲ. ಧಾರವಾಡ ಆಕಾಶವಾಣಿಯನ್ನು ಕೇಳುತ್ತ ಬೆಳೆದವನು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಜಿಲ್ಲೆಯದೇ ಎಂದು ಹೆಮ್ಮೆಪಡುವವನು. ದುಡಿಮೆಗೂ ಹಾಡಿಗೂ ಇರುವ ನಂಟು ನಮ್ಮ ನಾಡಿಗೆ ಹೊಸದೂ ಅಲ್ಲ. ನನ್ನ ಅವ್ವ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದಳು. ಕಾಳು ಗಟ್ಟಿಯಾಗಿ ಕಲ್ಲು ನಿಧಾನವಾದರೆ ಪದವೂ ನಿಧಾನವಾಗುತ್ತಿತ್ತು. ಜಾತ್ರೆಯ ಕುಸ್ತಿ ಕಣವನ್ನು ನೆನೆಯಿರಿ. ಹಲಗಿ ಬಾರಿಸುವವನ ಕಣ್ಣು ಪೈಲ್ವಾನರ ಮೇಲೆಯೇ ಇರುತ್ತದೆ. ಅವರು ಸೆಣಸಿ ನಿಂತರೆ ಹಲಗಿ ಸಣ್ಣಗೆ ಗುನುಗುತ್ತದೆ, ಪಟ್ಟು ಬಿದ್ದ ಕ್ಷಣ ಗುಡುಗುತ್ತದೆ. ಆ ಸಂಗೀತ ದುಡಿಯುವವನನ್ನು ನೋಡುತ್ತಿತ್ತು, ಅವನ ಉಸಿರನ್ನು ಕೇಳುತ್ತಿತ್ತು. ಮೊಬೈಲಿನ ಹಾಡು ನಿಮ್ಮನ್ನು ನೋಡುವುದಿಲ್ಲ. ನಿಮ್ಮ ಮೊಣಕಾಲು ನೋಯುತ್ತಿದ್ದರೂ, ಎದುರಿಗೆ ಏರು ಬಂದರೂ, ಬೆನ್ನ ಹಿಂದೆ ಹಾರ್ನ್ ಕೂಗಿದರೂ ಅದು ತನ್ನ ಪಾಡಿಗೆ ತಾನು ಕುಣಿಯುತ್ತಿರುತ್ತದೆ.

ಓಟಗಾರನಿಗೆ ಕಿವಿ ಏಕೆ ಬೇಕೆಂಬುದನ್ನು ನನಗೆ ಕಲಿಸಿದವರು ನಮ್ಮ ಶಾಲೆಯ ಡ್ರಿಲ್ ಮಾಸ್ತರರು. ಮೂಡಲಗಿ ಆಗ ಗೋಕಾಕ ತಾಲೂಕಿನಲ್ಲಿಯೇ ಇತ್ತು. ತಾಲೂಕಾ ಕ್ರೀಡಾಕೂಟಕ್ಕೆ ಹುಡುಗರನ್ನು ಕರೆದೊಯ್ಯುವಾಗ ಅವರೊಡನೆ ನಾನೂ ಹೋಗುತ್ತಿದ್ದೆ. ಮೂರು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ, ಇದು ಅವರ ಪಾಠ. ಹಿಂದಿರುಗಿ ನೋಡಿದರೆ ಬೆನ್ನಿಗೊಂದು ಗುದ್ದು. "ಹಿಂದ ನೋಡಬ್ಯಾಡ, ಕೇಳು! ಅವನ ಉಸಿರು ಒಡದೈತೋ ಇಲ್ಲೋ ಕೇಳು!" ಎಂದು ಕೂಗುತ್ತಿದ್ದರು. ಬರಿಗಾಲಿನ ಆ ಹುಡುಗರು ತಮ್ಮ ಹೆಜ್ಜೆಯನ್ನು ತಾವೇ ಎಣಿಸಿ ಓಡಿದವರು. ದಣಿವನ್ನು ಮರೆಯಲು ಅವರಿಗೆ ಯಾರೂ ಕಲಿಸಲಿಲ್ಲ. ದಣಿವು ಎಷ್ಟಿದೆ, ಇನ್ನೆಷ್ಟು ತಾಳಬಹುದು ಎಂದು ಅಳೆಯಲು ಕಲಿಸಿದರು.

ಇನ್ನೊಂದು ಆಕ್ಷೇಪ ಬರುವುದು ನನಗೆ ಗೊತ್ತು. "ತಪ್ಪು ಟ್ರ್ಯಾಕ್ಟರಿನದು, ರಸ್ತೆಯದು. ಹುಡುಗನನ್ನೇಕೆ ದೂರುತ್ತೀರಿ, ಸರ?" ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಖಂಡಿತ ಒಪ್ಪುತ್ತೇನೆ. ಹಿಂದೆ ಕೆಂಪು ದೀಪವಿಲ್ಲದ ಟ್ರೇಲರಿಗೆ, ಕಿವುಡಾಗಿಸುವ ಸ್ಪೀಕರಿಗೆ ಕಡಿವಾಣ ಬೀಳಲೇಬೇಕು. ನಮ್ಮ ಹಳ್ಳಿಯ ಮಕ್ಕಳು ಡಾಂಬರು ರಸ್ತೆಯ ಅಂಚಿನಲ್ಲಿ ಓಡಬೇಕಾಗಿರುವುದು ದೊಡ್ಡವರಾದ ನಮ್ಮ ನಾಚಿಕೆ. ಹೈಸ್ಕೂಲಿನ ಮೈದಾನಗಳ ಬಾಗಿಲು ನಸುಕಿನಲ್ಲಿ ಅವರಿಗಾಗಿ ತೆರೆಯಬೇಕು. ನಿಮ್ಮಲ್ಲಿ ಶಿಕ್ಷಕರಾದವರು, ಪಂಚಾಯತಿಯಲ್ಲಿ ಇರುವವರು ಇದ್ದೀರಿ. ಒಂದು ಕೀಲಿಕೈಯ ಕೆಲಸ, ಮನಸ್ಸು ಮಾಡಿರಿ. ಆದರೆ ರಸ್ತೆ ಸುಧಾರಿಸುವವರೆಗೆ ಹುಡುಗನ ಕಾಲು ಕಾಯುವುದಿಲ್ಲ. ಬೆನ್ನಿಗೆ ಕಣ್ಣಿಲ್ಲದ ಮನುಷ್ಯನಿಗೆ ಹಿಂದಿನ ಸುದ್ದಿ ತರುವ ಅಂಗ ಕಿವಿಯೊಂದೇ. ಅದನ್ನು ಕೈಯಾರೆ ಮುಚ್ಚಿಕೊಳ್ಳಬೇಡಿರೆಂದು ಹೇಳುವುದು ದೂರಲ್ಲ, ಕಳಕಳಿ.

ಆದುದರಿಂದ ಮಕ್ಕಳೇ, ಹಾಡು ಬೇಕಾದರೆ ಓಟ ಮುಗಿಸಿ, ಕಟ್ಟೆಯ ಮೇಲೆ ಕುಳಿತು ಕೇಳಿರಿ. ಓಡುವಾಗ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡಿರಿ. ಬಿಳಿಯ ಅಂಗಿ ತೊಡಿರಿ. ಒಬ್ಬರೇ ಹೋಗದೆ ಜೊತೆಗೂಡಿ ಹೋಗಿರಿ. ನಿಮ್ಮ ಹೆಜ್ಜೆಯ ತಾಳವನ್ನು ನೀವೇ ಕೇಳಿರಿ. ಮೈದಾನದ ನಾಲ್ಕನೆಯ ಸುತ್ತಿನಲ್ಲಿ ನಿಮ್ಮೊಡನೆ ಬರುವುದು ಅದೊಂದೇ.

ಆ ಹುಡುಗ ಈಗ ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತಿರುತ್ತಾನೆ. ಸ್ವಲ್ಪ ಕುಂಟುತ್ತಾನೆ. ನಸುಕಿನಲ್ಲಿ ಓಡುವ ಹುಡುಗರು ಅಂಗಡಿಯ ಮುಂದೆ ಹಾದುಹೋಗುವಾಗ ಕಟ್ಟೆಗೆ ಬಂದು ನಿಂತು, "ಏ ತಮ್ಮಾ, ಕಿವಿಯಾಗಿಂದು ತಗೀ!" ಎಂದು ಕೂಗುತ್ತಾನಂತೆ. ಕೆಲವರಿಗೆ ಅದೂ ಕೇಳಿಸುವುದಿಲ್ಲ ಎಂದು ಮೊನ್ನೆ ಅವನ ತಂದೆ ಹೇಳಿದ.

ಈ ಲೇಖನವನ್ನು ಓದಿದವರು ನಿಮ್ಮ ಮನೆಯ ಓಟಗಾರನಿಗೆ ಇದನ್ನು ಓದಿ ಹೇಳಿರಿ. ಆದರೆ ಅವನು ಇಯರ್‌ಫೋನ್ ತೆಗೆದ ಮೇಲೆ.